ಅಂಗಡಿಯಲ್ಲಿ ತಂಪು, ಮನೆಯಲ್ಲಿ ಕೆಂಡ

ಬಸ್‌ಸ್ಟ್ಯಾಂಡಿನಿಂದ ಆ ಕಂಪ್ಯೂಟರ್ ಕ್ಯಾಬಿನೆಟ್ಟನ್ನು ತಂದ ಆಟೋದವನು ಅದನ್ನು ನನ್ನ ಮೇಜಿನ ಮೇಲೆ ಇಳಿಸಿ, ಸೊಂಟ ಹಿಡಿದುಕೊಂಡು ನಿಂತ.

"ಇದ್ರಾಗ ಕಲ್ಲ್ ತುಂಬ್ಯಾರೇನ್ರಿ ಅಕ್ಕಾ?"

ಕಪ್ಪು ಬಣ್ಣದ, ಮೇಲೂ ಪಕ್ಕಕ್ಕೂ ಪೂರ್ತಿ ಮುಚ್ಚಿದ ಪೆಟ್ಟಿಗೆ. ಬಾಗಿಲು ತೆಗೆದರೆ ಒಳಗೋಡೆಗೆಲ್ಲ ಸದ್ದು ಹೀರುವ ದಪ್ಪ ಸ್ಪಂಜಿನ ಹಾಳೆ. ಬೀದರಿನ ನೌಬಾದ್ ಬಡಾವಣೆಯ ನನ್ನ ರಿಪೇರಿ ಅಂಗಡಿಗೆ ಬರುವುದು ಹೆಚ್ಚಾಗಿ ಅಂಗಡಿಗಳ ಬಿಲ್ಲಿಂಗ್ ಕಂಪ್ಯೂಟರುಗಳು, ಕಾಲೇಜು ಹುಡುಗಿಯರ ಲ್ಯಾಪ್‌ಟಾಪುಗಳು. ದ್ರವದಿಂದ ತಂಪಾಗುವ ಕಂಪ್ಯೂಟರ್ ಅಪರೂಪಕ್ಕೆ ಬರುತ್ತದೆ. ಬಂದಾಗ ನನಗೆ ಖುಷಿಯಾಗುತ್ತದೆ. ಅವತ್ತೂ ಆಯಿತು.

ಅವನ ಹಿಂದೆಯೇ ಆಟೋದಿಂದ ಇಳಿದು ಬಂದವರು ಔರಾದಿನ ಒಬ್ಬ ಸ್ಟಾಫ್ ನರ್ಸ್. ಊರವರೆಲ್ಲ ಕರೆಯುವಂತೆ ನಾನೂ ಅವರನ್ನು ಸಿಸ್ಟರ್ ಎಂದೇ ಕರೆದೆ. ಕಂಪ್ಯೂಟರ್ ಅವರ ಗಂಡನದು.

"ನಮ್ಮ ಮನಿಯವ್ರಿಗಿ ಕಣ್ಣ ಕಾಣಂಗಿಲ್ರಿ," ಎಂದರು ಸಿಸ್ಟರ್, ಹವಾಮಾನ ಹೇಳುವಷ್ಟು ಸಲೀಸಾಗಿ. "ಹೈಸ್ಕೂಲ್ ಮಾಸ್ತರ್ ಅದಾರ. ಕಣ್ಣ ಕಾಣದ ಹುಡ್ರಿಗಿ ಪುಸ್ತಕ ಕೇಳೋಹಂಗ ಮಾಡಿ ಕೊಡ್ತಾರ. ಈಗ ಎಂಟ್ ದಿನದಿಂದ ಈ ಮಷೀನ್ ನಡುಕೇ ಬಂದ್ ಬೀಳ್ಲಾಕತ್ತಾದ್ರಿ. ಹುಡ್ರದು ಪರೀಕ್ಷಾ ಮೂರ್ ವಾರಕ್ಕ ಬಂದಾದ."

ಕೆಲಸದ ವಿವರವನ್ನು ಮಾಸ್ತರರೇ ಫೋನಿನಲ್ಲಿ ಹೇಳಿದರು. ಪಠ್ಯಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡುವುದು, ಚಿತ್ರದೊಳಗಿನ ಅಕ್ಷರಗಳನ್ನು ಕಂಪ್ಯೂಟರಿಗೆ ಗುರುತಿಸಲು ಬಿಡುವುದು, ತಪ್ಪು ತಿದ್ದುವುದು, ಆಮೇಲೆ ಆ ಪಠ್ಯವನ್ನು ದನಿಯಾಗಿಸುವುದು. ಬೀದರ, ಭಾಲ್ಕಿ, ಔರಾದ ತಾಲೂಕುಗಳಲ್ಲಿ ಹನ್ನೊಂದು ಮಕ್ಕಳು ಅವರ ಧ್ವನಿಪುಸ್ತಕ ಕೇಳಿಯೇ ಪರೀಕ್ಷೆಗೆ ಕೂರುವವರು. ಆ ವರ್ಷ ಕೆಲವು ಪಾಠಗಳು ಬದಲಾಗಿದ್ದರಿಂದ ಹಳೆಯ ಧ್ವನಿಪುಸ್ತಕಗಳು ಉಪಯೋಗಕ್ಕೆ ಬರುತ್ತಿರಲಿಲ್ಲ. ನಾಲ್ಕು ಪುಸ್ತಕಗಳನ್ನು ಹೊಸದಾಗಿ ಮಾಡಬೇಕಿತ್ತು. ಒಂದೊಂದಕ್ಕೂ ಪ್ರೊಸೆಸರ್ ಗಂಟೆಗಟ್ಟಲೆ ಪೂರ್ಣ ಬಲದಲ್ಲಿ ದುಡಿಯಬೇಕು. ಮಧ್ಯದಲ್ಲಿ ಯಂತ್ರ ಆಫ್ ಆದರೆ ಆ ಪುಸ್ತಕ ಮತ್ತೆ ಮೊದಲಿನಿಂದ.

"ಬಂದ್ ಆಗೋಕಿಂತ ಮೊದಲ ಎಷ್ಟ್ ಡಿಗ್ರಿ ತೋರಸ್ತದ್ರಿ ಸರ್?" ಎಂದು ಕೇಳಿದೆ.

"ತೊಂಬತ್ತೇಳ್ ಅಂತ ಹೇಳಿ ಸುಮ್ನ ಆಗ್ತದ್ರಿ ತಂಗಿ. ಆಮ್ಯಾಲ ಹೇಳ್ಲಾಕ ಅದೇ ಇರಂಗಿಲ್ಲ."

ಅವರ ಕಂಪ್ಯೂಟರ್ ಪರದೆಯ ಮೇಲಿನದನ್ನೆಲ್ಲ ಓದಿ ಹೇಳುತ್ತದೆ. ಹತ್ತು ಸೆಕೆಂಡಿಗೊಮ್ಮೆ ಪ್ರೊಸೆಸರಿನ ತಾಪವನ್ನೂ ಹೇಳುವ ಹಾಗೆ ಅವರೇ ಮಾಡಿಕೊಂಡಿದ್ದರು.

ನಾನು ನನ್ನ ಪದ್ಧತಿಯಂತೆ ಶುರು ಮಾಡಿದೆ. ಕ್ಯಾಬಿನೆಟ್ಟನ್ನು ಮೇಜಿನ ಮೇಲೆ ಮಲಗಿಸಿ ಪಕ್ಕದ ಬಾಗಿಲು ತೆಗೆದೆ. ಇಂಥ ಯಂತ್ರದಲ್ಲಿ ಪ್ರೊಸೆಸರಿನ ಮೇಲೆ ಅಂಗೈಯಗಲದ ಒಂದು ಲೋಹದ ತುಂಡು ಕೂತಿರುತ್ತದೆ, ಅದರ ಬೆನ್ನಿಗೇ ಪುಟ್ಟ ಪಂಪ್. ಅಲ್ಲಿಂದ ಎರಡು ರಬ್ಬರ್ ಪೈಪುಗಳು ರೇಡಿಯೇಟರಿಗೆ ಹೋಗುತ್ತವೆ. ಕಾರಿನಲ್ಲಿರುವಂಥದ್ದೇ, ಆಕಾರ ಸಣ್ಣದು. ದ್ರವ ಬಿಸಿಯನ್ನು ಹೊತ್ತು ರೇಡಿಯೇಟರಿಗೆ ತರುತ್ತದೆ, ಫ್ಯಾನುಗಳು ಅದನ್ನು ಆರಿಸುತ್ತವೆ. ಎಲ್ಲವೂ ಕಾರ್ಖಾನೆಯಲ್ಲೇ ಮುಚ್ಚಿ ಬರುವುದರಿಂದ ನಾವು ದ್ರವ ತುಂಬುವ ಹಾಗಿಲ್ಲ.

ರೇಡಿಯೇಟರಿನ ಎಸಳುಗಳಲ್ಲಿ ಧೂಳು ಗಟ್ಟಿಯಾಗಿ ಕೂತಿತ್ತು. ಬ್ಲೋವರಿನಿಂದ ಊದಿದೆ. ಪ್ರೊಸೆಸರಿನ ಬಿಸಿಯನ್ನು ಲೋಹಕ್ಕೆ ದಾಟಿಸುವ ಹಳೆಯ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು. ಒರೆಸಿ ಹೊಸದು ಹಚ್ಚಿದೆ. ಪಂಪಿನ ತಂತಿಯನ್ನು ಫ್ಯಾನಿನ ಜಾಗಕ್ಕೆ ಸಿಕ್ಕಿಸಿದ್ದರು. ತೆಗೆದು ಪಂಪಿನದೇ ಜಾಗಕ್ಕೆ ಹಾಕಿ, ಯಾವಾಗಲೂ ಪೂರ್ಣ ವೇಗದಲ್ಲಿ ತಿರುಗುವಂತೆ ಮಾಡಿದೆ. ಮೂರು ತಪ್ಪು ಸಿಕ್ಕವು, ಮೂರನ್ನೂ ಸರಿ ಮಾಡಿದೆ. ಒಂದು ಗಂಟೆ ಪ್ರೊಸೆಸರನ್ನು ದುಡಿಸಿ ನೋಡಿದೆ. ಅರವತ್ತಾರು ಡಿಗ್ರಿಯಿಂದ ಮೇಲೆ ಏರಲಿಲ್ಲ. ಇನ್ನು ನೋಡುವುದೇನಿದೆ ಎಂದು ಬಾಗಿಲು ಮುಚ್ಚಿ ಸ್ಕ್ರೂ ತಿರುಗಿಸಿ ಕಳಿಸಿಕೊಟ್ಟೆ.

ಮರುದಿನ ಮಾಸ್ತರರ ಫೋನ್.

"ತಂಗಿ, ಹನ್ನೆರಡ್ ಮಿನಿಟ್ ನಡೀತ್ರಿ."

ಯಂತ್ರ ಎರಡನೆಯ ಸಲ ಅಂಗಡಿಗೆ ಬಂದಾಗ ನನ್ನ ಅನುಮಾನ ಫ್ಯಾನುಗಳ ಮೇಲೆ. ಎರಡನ್ನೂ ಬದಲಿಸಿದೆ. ಮದರ್‌ಬೋರ್ಡಿನ ತಂತ್ರಾಂಶ ಹಳೆಯದಾಗಿತ್ತು, ಹೊಸದು ಹಾಕಿದೆ. ಪ್ರೊಸೆಸರಿಗೆ ಹೋಗುವ ವೋಲ್ಟೇಜನ್ನು ತುಸು ಇಳಿಸಿದೆ. ಈ ಸಲ ಒಂದಲ್ಲ, ಮೂರು ಗಂಟೆ ಓಡಿಸಿದೆ. ಅರವತ್ನಾಲ್ಕು. ನಾನೇ ಗೆದ್ದೆ ಎಂದುಕೊಂಡೆ. ಸಿಸ್ಟರಿಗೆ, ಗೋಡೆಯಿಂದ ಒಂದು ಮೊಳ ದೂರ ಇಡಿ, ಮನೆಯಲ್ಲಿ ಕರೆಂಟು ಏರಿಳಿದರೂ ಹೀಗಾಗಬಹುದು, ಸ್ಟೆಬಿಲೈಸರ್ ಹಾಕಿಸಿ ಎಂದೆಲ್ಲ ಹೇಳಿ ಕಳಿಸಿದೆ. ಈಗ ನೆನೆದರೆ ನಗು ಬರುತ್ತದೆ. ಯಂತ್ರದಲ್ಲಿ ಕಾರಣ ಸಿಗದಾಗ ನಾವು ಅವರ ಮನೆಯಲ್ಲಿ ಹುಡುಕುತ್ತೇವೆ.

ಅವರ ಮನೆಯಲ್ಲಿ ಈ ಸಲ ಅದು ಒಂಬತ್ತೇ ನಿಮಿಷ ನಡೆಯಿತು.

"ನಿಮ್ಮ ಅಂಗಡ್ಯಾಗ ಅದು ಶಾಣ್ಯಾ ಇರ್ತದ್ರಿ. ನಮ್ಮ ಮನಿಗಿ ಬಂದ್ರ ಹಟ ಹಿಡೀತದ," ಎಂದರು ಮಾಸ್ತರರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು. "ಇನ್ನೊಂದ್ ಮಾತ್ ರೀ. ಚಾಲೂ ಮಾಡಿದ ಕೂಡಲೇ ಒಳಗ ಗುಳುಗುಳು ಅಂತದ. ಕೊಡದಾಗಿನ ನೀರ್ ಬಗ್ಗಿಸಿದಂಗ. ಆಮ್ಯಾಲ ಒಣಾ ಸಪ್ಪಳ."

"ಫ್ಯಾನಿಂದ್ ಇರ್ಬೇಕ್ರಿ ಸರ್. ಹೊಸಾ ಹಾಕೇನಲ್ಲ, ಬೇರಿಂಗ್ ಕೂಡ್ಲಾಕ ಎರಡ್ ದಿನ ಹಿಡೀತದ."

"ಫ್ಯಾನಿನ ಸಪ್ಪಳ ನನಗ ಗೊತ್ತದ್ರಿ," ಎಂದಷ್ಟೇ ಹೇಳಿದರು.

ಯಂತ್ರವನ್ನು ನನ್ನ ಅಂಗಡಿಯಲ್ಲೇ ಬಿಡಿ, ಪುಸ್ತಕಗಳನ್ನು ಇಲ್ಲೇ ಓಡಿಸಿ ಕಳಿಸುತ್ತೇನೆ ಎಂದೆ. ಅದು ಆಗದ ಮಾತು ಎಂದರು. ಪುಟ ಪುಟವನ್ನೂ ಅವರು ಕೂತು ಕೇಳಬೇಕು. ಒತ್ತಕ್ಷರ ತಪ್ಪುತ್ತದೆ, ಅಂಕಿ ತಪ್ಪುತ್ತದೆ, ಚಿತ್ರದ ಕೆಳಗಿನ ಸಾಲು ಪಾಠದ ನಡುವೆ ನುಗ್ಗುತ್ತದೆ. ತಿದ್ದದೆ ಮಕ್ಕಳ ಕೈಗೆ ಕೊಡುವವರು ಅವರಲ್ಲ.

ಆಗ ನಿರ್ಧರಿಸಿದೆ. ಯಂತ್ರ ನನ್ನ ಹತ್ತಿರ ಬರುವುದು ಸಾಕು, ನಾನೇ ಅದರ ಹತ್ತಿರ ಹೋಗಬೇಕು. ಶನಿವಾರ ಮಾಸ್ತರರಿಗೆ ಅರ್ಧ ದಿನದ ಶಾಲೆ. ಮಧ್ಯಾಹ್ನಕ್ಕೆ ಅಂಗಡಿ ಮುಚ್ಚಿ, ಉಪಕರಣದ ಚೀಲವನ್ನು ನನ್ನ ಹಳೆಯ ಕಾರಿನಲ್ಲಿಟ್ಟು ಔರಾದಿಗೆ ಹೊರಟೆ.

ಮಾಸ್ತರರು ಬಾಗಿಲಲ್ಲೇ ಇದ್ದರು. ನಲವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. ನಾನು ಕಾರಿನ ಬಾಗಿಲು ಹಾಕುವ ಮೊದಲೇ, "ಬರ್ರಿ ತಂಗಿ, ನಿಮ್ಮ ಗಾಡಿಯ ಬೆಲ್ಟ್ ಸಡಲ್ ಆಗ್ಯಾದ ನೋಡ್ರಿ," ಎಂದರು. ಅದು ಸಡಿಲವಾಗಿದ್ದು ನನಗೆ ಗೊತ್ತಿತ್ತು. ಮೆಕ್ಯಾನಿಕ್ಕನಿಗೆ ತೋರಿಸಲು ಪುರುಸೊತ್ತಾಗಿರಲಿಲ್ಲ.

ಕಂಪ್ಯೂಟರ್ ಇದ್ದದ್ದು ನಡುಮನೆಯ ಪಕ್ಕದ ಕೋಣೆಯಲ್ಲಿ, ಮೇಜಿನ ಪಕ್ಕ ನೆಲದ ಮೇಲೆ. ಗೋಡೆಯಿಂದ ಸರಿಯಾಗಿ ಒಂದು ಮೊಳ ದೂರ. ಮೊದಲು ನನ್ನ ಅನುಮಾನಗಳನ್ನು ತೀರಿಸಿಕೊಂಡೆ. ಕೋಣೆಯ ತಾಪ ಮೂವತ್ತೊಂದು, ನನ್ನ ಅಂಗಡಿಗಿಂತ ಒಂದು ಡಿಗ್ರಿ ಕಡಿಮೆಯೇ. ಮೀಟರ್ ಹಚ್ಚಿ ನೋಡಿದರೆ ಕರೆಂಟು ಸರಿಯಾಗಿತ್ತು. ಸ್ಟೆಬಿಲೈಸರಿನ ಮಾತು ಅಲ್ಲಿಗೆ ಬಿತ್ತು.

"ಚಾಲೂ ಮಾಡ್ರಿ ಸರ್," ಎಂದೆ.

ಅವರು ಪುಸ್ತಕದ ಕೆಲಸ ಹಚ್ಚಿದರು. ಸ್ಪೀಕರಿನಿಂದ ತಾಪ ಹೇಳುವ ದನಿ ಶುರುವಾಯಿತು. ಐವತ್ತೆರಡು. ಅರವತ್ತೊಂದು. ಎಪ್ಪತ್ತು. ನಾನು ನನ್ನ ಲ್ಯಾಪ್‌ಟಾಪನ್ನು ಜೋಡಿಸಿ ಪಂಪಿನ ವೇಗ ನೋಡಿದೆ. ನಿಮಿಷಕ್ಕೆ ಎರಡು ಸಾವಿರದ ಒಂಬೈನೂರು ಸುತ್ತು. ಪಂಪ್ ಚೆನ್ನಾಗಿಯೇ ತಿರುಗುತ್ತಿದೆ. ಎಂಬತ್ತಾರು, ಎಂದಿತು ದನಿ.

"ಸರ್, ಪಂಪ್ ಬರೋಬರ್ ಅದ. ಫ್ಯಾನ್ ಬರೋಬರ್ ಅವ," ಎಂದೆ, ಸ್ವಲ್ಪ ನನಗೇ ಹೇಳಿಕೊಳ್ಳುವಂತೆ.

"ಬಾಗಲಾ ತಗೀರಿ. ಕೈ ಹಚ್ಚಿ ನೋಡೋಣು."

ಪೆಟ್ಟಿಗೆ ನೆಟ್ಟಗೆ ನಿಂತಿದ್ದ ಹಾಗೆಯೇ ಅದರ ಪಕ್ಕದ ಬಾಗಿಲು ತೆಗೆದೆ. ಮಾಸ್ತರರು ನನ್ನ ಕೈ ಹಿಡಿದು ಪೈಪು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಾಡಿಸುತ್ತ ಪಂಪಿನಿಂದ ರೇಡಿಯೇಟರಿನವರೆಗೆ ಬಂದರು.

"ಇಲ್ಲಿ ಸುಡ್ತದ," ಎಂದರು ಪಂಪಿನ ಹತ್ತಿರ. ಒಂದು ಗೇಣು ಈಚೆ ಬಂದು, "ಇಲ್ಲಿ ಬೆಚ್ಚಗದ." ರೇಡಿಯೇಟರನ್ನು ಮುಟ್ಟಿ, "ಇದು ತಣ್ಣಗದ, ಮುಂಜಾನಿ ಗೋಡಿ ಹಂಗ. ನೀರ್ ತಿರಗ್ಲಾಕತ್ತಿದ್ರ ಇದೂ ಬಿಸಿ ಆಗ್ಬೇಕಲ್ರಿ?"

ಆಗಬೇಕು. ಪ್ರೊಸೆಸರ್ ತೊಂಬತ್ತಕ್ಕೆ ಬಂದಾಗ ರೇಡಿಯೇಟರ್ ತಣ್ಣಗಿದೆ ಎಂದರೆ ಬಿಸಿ ಅಲ್ಲಿಗೆ ತಲುಪುತ್ತಲೇ ಇಲ್ಲ. ಪಂಪ್ ತಿರುಗುತ್ತಿದೆ, ದ್ರವ ಹರಿಯುತ್ತಿಲ್ಲ. ತೊಂಬತ್ತೈದು ಎಂದಾಗ ನಾನೇ ಕೆಲಸ ನಿಲ್ಲಿಸಿದೆ.

ಅಷ್ಟರಲ್ಲಿ ಚಹಾ ತಂದ ಸಿಸ್ಟರ್ ನಮ್ಮಿಬ್ಬರ ಮುಖ ನೋಡಿದರು. ನಾನು ಪಂಪಿನ ಹತ್ತಿರ ಕಿವಿ ಒಡ್ಡಿ ಕೂತಿದ್ದೆ. ಫ್ಯಾನಿನ ಗಾಳಿಯ ಸದ್ದಿನಲ್ಲಿ ನನಗೆ ಬೇರೇನೂ ಕೇಳುತ್ತಿರಲಿಲ್ಲ. ಅವರು ಏನೂ ಕೇಳದೆ ಒಳಗೆ ಹೋಗಿ ತಮ್ಮ ಸ್ಟೆತಸ್ಕೋಪ್ ತಂದು ನನ್ನ ಕೊರಳಿಗೆ ಹಾಕಿದರು.

"ಎದೀ ಮ್ಯಾಗ ಇಡೋಹಂಗ ಜರಾ ಒತ್ತಿ ಇಡ್ರಿ," ಎಂದರು.

ಪಂಪಿನ ತಲೆಯ ಮೇಲೆ ಇಟ್ಟೆ. ಕಿವಿಯಲ್ಲಿ ಟರಟರ ಎನ್ನುವ ಒಣ ಸದ್ದು. ನಡುನಡುವೆ ಒಮ್ಮೆ ಗುಳಕ್. ಮತ್ತೆ ಒಣ ಸದ್ದು. ಗಾಳಿಯಲ್ಲಿ ತಿರುಗುವ ಪಂಪಿನ ಸದ್ದು ಅದು. ತಡೆಯುವ ದ್ರವವೇ ಇಲ್ಲದಾಗ ಪಂಪು ಎಷ್ಟು ಬೇಕಾದರೂ ಜೋರಾಗಿ ತಿರುಗುತ್ತದೆ. ಪರದೆಯ ಮೇಲಿನ ಆ ಒಳ್ಳೆಯ ಅಂಕಿಯ ಗುಟ್ಟು ಅದೇ.

"ಸರ್," ಎಂದೆ, "ನೀವ್ ಫೋನಿನ್ಯಾಗ ಹೇಳಿದ್ದೇ ಖರೇ ಅದ್ರಿ. ನಾನೇ ಕೇಳಲಿಲ್ಲ."

"ಈಗ ಕೇಳಿದ್ರಲ್ಲ," ಎಂದು ಅವರು ಚಹಾದ ಕಪ್ಪಿಗೆ ಕೈ ಚಾಚಿದರು.

ಆದರೆ ಒಂದು ಪ್ರಶ್ನೆ ಹಾಗೇ ಉಳಿದಿತ್ತು. ಪಂಪಿನಲ್ಲಿ ಗಾಳಿ ಇದ್ದರೆ ನನ್ನ ಅಂಗಡಿಯಲ್ಲಿ ಮೂರು ಗಂಟೆ ಹೇಗೆ ಓಡಿತು? ಅಲ್ಲಿ ಕೆಲಸ ಮಾಡಿದ್ದು ಇದೇ ಪಂಪು, ಇದೇ ದ್ರವ.

ಉತ್ತರ ನನ್ನ ಜಾಣತನದಿಂದ ಬರಲಿಲ್ಲ, ಅಭ್ಯಾಸದಿಂದ ಬಂತು. ಪಂಪಿನ ಸ್ಕ್ರೂಗಳು ಬಿಗಿಯಾಗಿವೆಯೇ ನೋಡೋಣವೆಂದು ಮತ್ತೆ ಕೆಲಸ ಹಚ್ಚಿಸಿ, ತಾಪ ಏರುತ್ತಿರುವಾಗಲೇ ಕ್ಯಾಬಿನೆಟ್ಟನ್ನು ಮೆಲ್ಲಗೆ ಪಕ್ಕಕ್ಕೆ ಮಲಗಿಸಿದೆ. ಒಳಗೆ ತಿರುಗುವ ಡಿಸ್ಕ್ ಇರಲಿಲ್ಲವಾದ್ದರಿಂದ ಹಾಗೆ ಮಾಡಲು ಭಯವಿರಲಿಲ್ಲ. ಪೈಪಿನೊಳಗೆ ಏನೋ ಜಾರಿದ ಹಾಗೆ ಉದ್ದನೆಯ ಗುಳುಗುಳು ಕೇಳಿಸಿತು. ಈ ಸಲ ನನಗೂ ಬರಿಗಿವಿಗೇ ಕೇಳಿಸಿತು.

ಎಂಬತ್ತೆಂಟು, ಎಂದಿತು ದನಿ. ಎಪ್ಪತ್ತೊಂಬತ್ತು. ಎಪ್ಪತ್ತು. ಅರವತ್ತೈದು.

ಮಾಸ್ತರರು ಕಪ್ಪನ್ನು ಕೆಳಗಿಟ್ಟರು. "ಏನ್ ಮಾಡಿದ್ರಿ ಈಗ?"

"ಏನೂ ಮಾಡಿಲ್ರಿ ಸರ್. ಮಲಗಿಸಿದ್ನಿ, ಅಷ್ಟೇ."

ಹೇಳುತ್ತಿದ್ದಂತೆ ನನಗೆ ಎಲ್ಲವೂ ಅರ್ಥವಾಯಿತು. ನನ್ನ ಅಂಗಡಿಯಲ್ಲಿ ನಾನು ಯಾವ ಕ್ಯಾಬಿನೆಟ್ಟನ್ನೂ ನಿಲ್ಲಿಸಿ ಪರೀಕ್ಷಿಸಿದ್ದೇ ಇಲ್ಲ. ಮೇಜಿನ ಮೇಲೆ ಮಲಗಿಸುತ್ತೇನೆ, ರಿಪೇರಿ ಮಾಡುತ್ತೇನೆ, ಹಾಗೇ ಮಲಗಿದಲ್ಲೇ ಓಡಿಸಿ ನೋಡುತ್ತೇನೆ. ಮನೆಯಲ್ಲಿ ಅದು ನಿಂತಿರುತ್ತದೆ.

ಮಾಸ್ತರರ ಕೈ ಹಿಡಿದು ಒಂದೊಂದೇ ಭಾಗ ಮುಟ್ಟಿಸಿ ವಿವರಿಸಿದೆ. ಜೋಡಿಸಿದವರು ರೇಡಿಯೇಟರನ್ನು ಮುಂಭಾಗದ ತಳಕ್ಕೆ ಕೂರಿಸಿದ್ದರು. ಹಾಗಾಗಿ ಪೆಟ್ಟಿಗೆ ನಿಂತಾಗ ಎಲ್ಲಕ್ಕಿಂತ ಎತ್ತರದಲ್ಲಿರುವುದು ಪಂಪು. ದ್ರವ ಪೂರ್ತಿ ತುಂಬಿದ್ದಾಗ ಇದರಿಂದ ತೊಂದರೆಯಿರಲಿಲ್ಲ. ಆದರೆ ರಬ್ಬರ್ ಪೈಪಿನ ಮೂಲಕ ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವೇ ದ್ರವ ಆರಿಹೋಗುತ್ತದೆ. ಅದರ ಜಾಗಕ್ಕೆ ಗಾಳಿ ಬರುತ್ತದೆ.

"ಗಾಳಿ ಮ್ಯಾಗ ಏರ್ತದ," ಎಂದರು ಅವರು, ಬೆರಳನ್ನು ಪೈಪಿನ ಮೇಲೆ ಸರಿಸುತ್ತ. "ಮ್ಯಾಗ ಇರೋದು ಪಂಪ್. ಮಲಗಿಸಿದ್ರ ರೇಡಿಯೇಟರ್ ಮ್ಯಾಗ ಬರ್ತದ, ಗಾಳಿ ಅಲ್ಲಿಗಿ ಹೋಗ್ತದ. ಪಂಪಿಗಿ ನೀರ್ ಸಿಗ್ತದ. ಹೌದಲ್ರಿ?"

"ಹೌದ್ರಿ ಸರ್."

"ಸಾಲ್ಯಾಗ ನಾ ಹಿಂಗ ಹೇಳಿಕೊಟ್ರ ಹುಡ್ರು ಪಾಸ್ ಆಗ್ತಿದ್ರು," ಎಂದು ನಕ್ಕರು.

ಕೂಡಲೇ ಮಾಡಬಹುದಾದದ್ದು ಒಂದೇ. ಎರಡು ಮಣೆಗಳ ಮೇಲೆ ಕ್ಯಾಬಿನೆಟ್ಟನ್ನು ಮಲಗಿಸಿ, ಬಾಗಿಲು ತೆಗೆದಿಟ್ಟು ಪುಸ್ತಕ ಓಡಿಸುವುದು. ಹಾಗೇ ಮಾಡಿದೆವು. ಮಾಸ್ತರರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗಣಿತದ ಪುಸ್ತಕ ತಿದ್ದಲು ಕೂತರು. ನಾನು ಪಕ್ಕದಲ್ಲಿ ತಾಪ ಬರೆದುಕೊಳ್ಳುತ್ತ ಕೂತೆ. ಮೊದಲ ಒಂದು ಗಂಟೆ ಅರವತ್ತೈದರ ಆಚೀಚೆ. ಆಮೇಲೆ ಎಪ್ಪತ್ತೆರಡು. ಎರಡನೆಯ ಗಂಟೆಗೆ ಎಂಬತ್ತು. ಸ್ಟೆತಸ್ಕೋಪ್ ಇಟ್ಟು ಕೇಳಿದೆ. ಪಂಪಿನಲ್ಲಿ ಈಗ ಕರಕರ ಎನ್ನುವ ಬೇರೆಯೇ ಸದ್ದು. ದಿನಗಟ್ಟಲೆ ಒಣಗಿ ತಿರುಗಿದ್ದಕ್ಕೆ ಅದು ಒಳಗೇ ಸವೆದಿತ್ತು. ಮಲಗಿಸುವುದರಿಂದ ಗಾಳಿ ಸರಿಯುತ್ತದೆ, ಸವೆದ ಪಂಪು ಸರಿಯಾಗುವುದಿಲ್ಲ. ಎಂಬತ್ತೆಂಟಕ್ಕೆ ಬಂದಾಗ ನಿಲ್ಲಿಸಿಬಿಟ್ಟೆ. ಗಣಿತದ ಪುಸ್ತಕ ಅಷ್ಟರಲ್ಲಿ ಮುಗಿದಿತ್ತು. ಇನ್ನೂ ಮೂರು ಉಳಿದಿದ್ದವು.

ರೇಡಿಯೇಟರನ್ನು ಮೇಲೆ ಕೂರಿಸೋಣವೆಂದರೆ ಆ ಪೆಟ್ಟಿಗೆಯ ಮೇಲ್ಭಾಗದಲ್ಲಿ ಒಂದು ರಂಧ್ರವೂ ಇಲ್ಲ. ಅಂಥದೇ ಹೊಸ ದ್ರವದ ಕೂಲರ್ ತರಿಸಿದರೆ ಅದನ್ನೂ ತಳದಲ್ಲೇ ಕೂರಿಸಬೇಕು, ಇನ್ನೆರಡು ವರ್ಷಕ್ಕೆ ಇದೇ ಕಥೆ. ನನ್ನ ಮನಸ್ಸಿನಲ್ಲಿ ತೀರ್ಮಾನವಾಗಿತ್ತು.

"ಸರ್, ಈ ನೀರಿಂದು ಪೂರಾ ತಗದ್ ಹಾಕೋಣ್ರಿ. ದೊಡ್ಡ ಗಾಳಿ ಕೂಲರ್ ಕೂಡ್ರಸ್ತೇನಿ. ಲೋಹದ ಎಸಳು, ಅದಕ್ಕೊಂದ್ ಫ್ಯಾನ್. ಸೋರೋದಿಲ್ಲ, ಒಣಗೋದಿಲ್ಲ, ನಿಂತ್ರೂ ಮಲಗಿದ್ರೂ ಒಂದೇ."

ಮಾಸ್ತರರು ಪೆಟ್ಟಿಗೆಯ ಒಳಗಿನ ಸ್ಪಂಜಿನ ಮೇಲೆ ಕೈಯಾಡಿಸಿದರು. ಸಿಸ್ಟರ್ ಅವರ ಕಡೆಗೇ ನೋಡುತ್ತಿದ್ದರು.

"ಅದು ಸಪ್ಪಳ ಮಾಡ್ತದಲ್ರಿ," ಎಂದರು ಮಾಸ್ತರರು.

ಆಗಲೇ ನನಗೆ ಆ ಮುಚ್ಚಿದ ಪೆಟ್ಟಿಗೆ, ಆ ಸ್ಪಂಜು, ಆ ದ್ರವದ ಕೂಲರು ಯಾಕೆ ಎಂದು ತಿಳಿದದ್ದು. ನಾನು ಯಾರೋ ಶೋಕಿಗೆ ಮಾಡಿಸಿಕೊಟ್ಟಿದ್ದಾರೆ ಎಂದುಕೊಂಡಿದ್ದೆ.

"ನನಗ ಮನಿ ಅಂದ್ರ ಸಪ್ಪಳ ರೀ ತಂಗಿ. ಯಾರ್ ಬಂದ್ರು, ನಳ ಬಂದ್ ಅದೋ ಇಲ್ಲೋ, ಇಕಿ ಒಳಗ ಅದಾಳೋ ಹಿತ್ತಲದಾಗ ಅದಾಳೋ, ಎಲ್ಲಾ ಕಿವೀಲೇ. ಮೊದಲಿನ ಮಷೀನ್ ಗುಂಯ್ ಅಂತಿತ್ತು. ಚಾಲೂ ಮಾಡಿದ್ರ ಅರ್ಧ ಮನಿ ನನಗ ಕಾಣ್ತಿರಲಿಲ್ಲ. ಅದಕ್ಕ ಹೈದರಾಬಾದಿನ್ಯಾಗ ಹೇಳಿ ಇದನ್ನ ಮಾಡಿಸಿದ್ನಿ."

ಇದಕ್ಕೆ ಸುಳ್ಳು ಸಮಾಧಾನ ಹೇಳಬಾರದು ಎನ್ನಿಸಿತು. "ಸಪ್ಪಳ ಇರ್ತದ್ರಿ ಸರ್. ಇಲ್ಲ ಅನ್ನಂಗಿಲ್ಲ. ಆದ್ರ ಫ್ಯಾನ್ ದೊಡ್ಡದಿದ್ರ ನಿಧಾನ ತಿರಗಿದ್ರೂ ಸಾಕಾಗ್ತದ. ಎಷ್ಟ್ ಕಡಿಮಿ ಮಾಡ್ಲಾಕ ಆಗ್ತದೋ ಅಷ್ಟ್ ಮಾಡಿ ಕೊಡ್ತೇನಿ. ನೀವ್ ಕೇಳಿ ಸಾಕು ಅನ್ನೋತನಕ ಇಲ್ಲೇ ಇರ್ತೇನಿ."

"ಹುಡ್ರದು ಪರೀಕ್ಷಾ ಅದ," ಎಂದರು ಅವರು. "ತಗೀರಿ."

ಅಂಥ ಕೂಲರ್ ಬೀದರಿನ ಅಂಗಡಿಗಳಲ್ಲಿ ಇರಲಿಲ್ಲ. ಹೈದರಾಬಾದಿನಿಂದ ಬರಲು ಮೂರು ದಿನ. ಔರಾದಿನಿಂದ ಮರಳುವ ದಾರಿಯಲ್ಲಿ ನೆನಪಾದದ್ದು ಭಾಲ್ಕಿಯ ಒಬ್ಬ ಮದುವೆ ಫೋಟೋ ಸ್ಟುಡಿಯೋದವರು. ಹಿಂದಿನ ವರ್ಷ ಅವರು ಬಣ್ಣದ ದೀಪಗಳ ಕೂಲರ್ ಬೇಕೆಂದು ಹಟ ಹಿಡಿದಾಗ, ಅವರ ಹಳೆಯ ಗಾಳಿ ಕೂಲರನ್ನು ನಾನೇ ಕಳಚಿ ಕೊಟ್ಟಿದ್ದೆ. ಫೋನ್ ಮಾಡಿದೆ.

"ಐತ್ರಿ ಅಕ್ಕಾ, ಕಪಾಟಿನ ಬಾಗಲಾ ಗಾಳಿಗಿ ಬಡಕೋಬಾರದಂತ ಅದನ್ನೇ ಒತ್ತು ಇಟ್ಟೇನಿ. ಬಂದ್ ಒಯ್ರಿ. ಮಾಸ್ತರಂದು ಕೆಲಸ ಅಂದ್ರ ನನಗ ವಾಪಸ್ ಬ್ಯಾಡ."

ಭಾನುವಾರ ಬೆಳಿಗ್ಗೆ ಭಾಲ್ಕಿಗೆ ಹೊರಟೆ. ದಾರಿಯಲ್ಲಿ ಹಲಬರ್ಗಾ ಊರು ದಾಟಿದ ಮೇಲೆ ತಟ್ಟನೆ ಹೊಳೆದು ಕಾರು ನಿಲ್ಲಿಸಿದೆ. ಆ ಕೂಲರನ್ನು ಕೂರಿಸಲು ಮದರ್‌ಬೋರ್ಡಿನ ಜೊತೆ ಬರುವ ಎರಡು ಪ್ಲಾಸ್ಟಿಕ್ ಕೊಂಡಿಗಳು ಬೇಕು. ದ್ರವದ ಕೂಲರ್ ಕೂರಿಸುವಾಗ ಅವನ್ನು ಬಿಚ್ಚಿರುತ್ತಾರೆ. ಹೆಚ್ಚಿನವರು ಎಸೆದೂ ಬಿಟ್ಟಿರುತ್ತಾರೆ. ಮಾಸ್ತರರಿಗೆ ಫೋನ್ ಮಾಡಿ ಆಕಾರ ವಿವರಿಸಿದೆ. ಬೆರಳುದ್ದ, ನಡುವೆ ಉಬ್ಬಿದ ಹಲ್ಲು, ಎರಡೂ ತುದಿಗೆ ಸ್ಕ್ರೂವಿನ ತೂತು.

"ಫೋನ್ ಹಿಡೀರಿ," ಎಂದರು. ಟ್ರಂಕಿನ ಚಿಲಕ ತೆಗೆದ ಸದ್ದು, ಡಬ್ಬಿಗಳ ಸದ್ದು. ಎರಡು ನಿಮಿಷ ಆಗಿರಲಿಲ್ಲ. "ಅವ ರೀ. ನಾಕ್ ಸ್ಕ್ರೂ ಸುದ್ದಾ ಅವ. ಮಷೀನ್ ಬಂದ್ ದಿನಾನೇ ಉಳದ ಸಾಮಾನೆಲ್ಲಾ ಡಬ್ಬಿಗಿ ಹಾಕಿ, ಮ್ಯಾಗ ಬ್ರೈಲ್ ಚುಕ್ಕಿ ಅಕ್ಷರದಾಗ ಬರದಿಟ್ಟೇನಿ."

ನನ್ನ ಅಂಗಡಿಯಲ್ಲಿ ಬಿಚ್ಚಿದ ಸ್ಕ್ರೂಗಳು ಎಲ್ಲಿರುತ್ತವೆ ಎಂದು ಅವರು ಕೇಳಲಿಲ್ಲ, ಪುಣ್ಯ.

ಭಾಲ್ಕಿಯಲ್ಲಿ ಕೂಲರ್ ತೆಗೆದುಕೊಂಡು ಔರಾದಿಗೆ ಮುಟ್ಟಿದಾಗ ಹನ್ನೊಂದು ದಾಟಿತ್ತು. ಕೂಲರಿನ ಎತ್ತರ ಅಳೆದೆ, ಪೆಟ್ಟಿಗೆಯ ಅಗಲ ಅಳೆದೆ. ಅರ್ಧ ಬೆರಳಿನಷ್ಟು ಜಾಗ ಉಳಿಯುತ್ತಿತ್ತು. ಇನ್ನು ಇಡೀ ಕೆಲಸದಲ್ಲಿ ಎದೆ ಹೊಡೆದುಕೊಳ್ಳುವ ಘಟ್ಟ ಒಂದೇ, ಹಳೆಯ ಪಂಪನ್ನು ಪ್ರೊಸೆಸರಿನಿಂದ ಬಿಡಿಸುವುದು. ಈ ಜಾತಿಯ ಪ್ರೊಸೆಸರಿನ ಅಡಿಯಲ್ಲಿ ಸಾವಿರಕ್ಕೂ ಹೆಚ್ಚು ಕೂದಲೆಳೆಯಂಥ ಕಾಲುಗಳಿರುತ್ತವೆ. ಪೇಸ್ಟ್ ಅಂಟಿಕೊಂಡಿದ್ದಾಗ ನೇರಕ್ಕೆ ಎಳೆದರೆ ಪ್ರೊಸೆಸರೂ ಕಿತ್ತು ಬರುತ್ತದೆ, ಕಾಲುಗಳು ಬಾಗುತ್ತವೆ. ಕೆಲವೊಮ್ಮೆ ಮುರಿಯುತ್ತವೆ. ಮುರಿದರೆ ಆ ಮಕ್ಕಳ ಪುಸ್ತಕಗಳ ಮಾತು ಅಲ್ಲಿಗೆ ಮುಗಿಯಿತು.

ಮೊದಲು ಐದು ನಿಮಿಷ ಯಂತ್ರ ಓಡಿಸಿ ಪೇಸ್ಟ್ ಮೆತ್ತಗಾಗಲು ಬಿಟ್ಟೆ. ಆಫ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂಗಳನ್ನು ಅಡ್ಡಡ್ಡಲಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿದೆ. ಪಂಪನ್ನು ಮೇಲಕ್ಕೆ ಎತ್ತದೆ, ಡಬ್ಬಿಯ ಮುಚ್ಚಳದಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವಿದೆ. ಅಲುಗಲಿಲ್ಲ. ಮತ್ತೆ ತಿರುವಿದೆ. ಮೂರನೆಯ ಸಲಕ್ಕೆ ಅದು ಜಾರಿ ಕೈಗೆ ಬಂತು. ಪ್ರೊಸೆಸರ್ ತನ್ನ ಜಾಗದಲ್ಲೇ ಕೂತಿತ್ತು.

"ಬಿಟ್ಟಿತ್ರಿ," ಎಂದರು ಮಾಸ್ತರರು, ನಾನು ಹೇಳುವ ಮೊದಲೇ.

ಮುಂದಿನದು ನನ್ನ ಕೈಗೆ ಗೊತ್ತಿದ್ದ ಕೆಲಸ. ಒರೆಸಿ, ತೊಗರಿಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ಕೊಂಡಿಗಳನ್ನು ಬಿಗಿದು ಕೂಲರ್ ಕೂರಿಸಿದೆ. ಫ್ಯಾನಿನ ಗಾಳಿ ಹಿಂದಕ್ಕೆ ಹೋಗುವಂತೆ ತಿರುಗಿಸಿದೆ. ಕ್ಯಾಬಿನೆಟ್ಟನ್ನು ಮುಚ್ಚಿ ಅದರ ಜಾಗದಲ್ಲಿ ನೆಲದ ಮೇಲೆ ನಿಲ್ಲಿಸಿದೆ. ನಿಲ್ಲಿಸಿಯೇ ಪರೀಕ್ಷಿಸಿದೆ. ಒಂದು ಗಂಟೆ ಪೂರ್ಣ ಬಲ. ಎಪ್ಪತ್ನಾಲ್ಕಕ್ಕೆ ಬಂದ ತಾಪ ಅಲ್ಲಿಂದ ಕದಲಲಿಲ್ಲ.

ಸಪ್ಪಳದ ಬಗ್ಗೆ ನಾನು ಕೊಟ್ಟ ಮಾತು ಇನ್ನೂ ಬಾಕಿಯಿತ್ತು. ಫ್ಯಾನಿನ ವೇಗವನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತ ಹೋದೆ. ಮಾಸ್ತರರು ಕುರ್ಚಿಯಲ್ಲಿ ಕತ್ತು ಒಂದು ಕಡೆ ವಾಲಿಸಿ ಕೂತಿದ್ದರು. ಸಿಸ್ಟರ್ ಹಿತ್ತಲಿಗೆ ಹೋದರು, ಬಂದರು, ನಳ ತಿರುಗಿಸಿದರು.

"ಇನ್ನ ಜರಾ ಕಡಿಮಿ ಮಾಡ್ರಿ."

ಮಾಡಿದೆ. ತಾಪ ಎಪ್ಪತ್ತೊಂಬತ್ತಾಯಿತು. ಅಷ್ಟು ಇದ್ದರೂ ಅಪಾಯವಿಲ್ಲ.

"ಸಾಕ್ರಿ. ಇದು ಒಂದೇ ಸುರದಾಗ ಅದ. ಏರಂಗಿಲ್ಲ, ಇಳಿಯಂಗಿಲ್ಲ. ಒಂದೇ ಸುರ ಇದ್ರ ಕಿವಿ ಮರೀತದ." ಮತ್ತೆ ಒಂದಿಷ್ಟು ಹೊತ್ತು ಕೇಳಿ, "ಇಕಿ ಚಪ್ಪಲ್ ಬದಲ್ ಮಾಡ್ಯಾಳ," ಎಂದರು. ಒಳಗಿನಿಂದ ಸಿಸ್ಟರ್ ನಕ್ಕದ್ದು ನನಗೂ ಕೇಳಿಸಿತು.

ಆ ಭಾನುವಾರ ಮಧ್ಯಾಹ್ನ ಮೂರಕ್ಕೆ ಅವರು ವಿಜ್ಞಾನದ ಪುಸ್ತಕ ಶುರು ಮಾಡಿದರು. ಬುಧವಾರ ಸಂಜೆ ನಾಲ್ಕೂ ಪುಸ್ತಕಗಳು ಮುಗಿದವು ಎಂದು ಸಿಸ್ಟರ್ ತಿಳಿಸಿದರು. ಹನ್ನೊಂದೂ ಮಕ್ಕಳ ಫೋನಿಗೆ ಕಳಿಸಿಯಾಗಿತ್ತು. ಮಧ್ಯೆ ಒಮ್ಮೆಯೂ ಯಂತ್ರ ನಿಂತಿರಲಿಲ್ಲ.

ಆಮೇಲೆ ನನ್ನ ಅಂಗಡಿಯ ಗೋಡೆಗೆ ಮೊಣಕಾಲೆತ್ತರದ ಒಂದು ಕಟ್ಟೆ ಕಟ್ಟಿಸಿದೆ. ರಿಪೇರಿಯಾದ ಯಾವ ಯಂತ್ರವೇ ಆಗಲಿ, ಬಾಗಿಲು ಮುಚ್ಚಿ, ಮನೆಯಲ್ಲಿ ಹೇಗಿರುತ್ತದೋ ಹಾಗೇ ಅದರ ಮೇಲೆ ನಿಂತು ಎರಡು ಗಂಟೆ ಓಡಬೇಕು. ಗಿರಾಕಿ ಹೇಳುವ ಮಾತನ್ನು ಅವರು ಹೇಳಿದ ಶಬ್ದಗಳಲ್ಲೇ ಚೀಟಿಯ ಮೇಲೆ ಬರೆದು ಯಂತ್ರಕ್ಕೆ ಅಂಟಿ‌ಸುತ್ತೇನೆ. ನನ್ನ ಕೆಲಸದ ಮೇಲಿನ ನಂಬಿಕೆ ಇದರಿಂದ ಕಡಿಮೆಯಾಗಿಲ್ಲ. ಈಗ ಅದಕ್ಕೆ ಆಧಾರ ಹೆಚ್ಚಿದೆ.

ಪರೀಕ್ಷೆಗೆ ಹತ್ತು ದಿನ ಇದ್ದಾಗ ಮಾಸ್ತರರ ಫೋನ್ ಬಂತು. ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ.

"ಏನಾಯ್ತ್ರಿ ಸರ್? ಮತ್ತ ಬಂದ್ ಬಿತ್ತೇನ್ರಿ?"

"ಏ ಇಲ್ರಿ, ಎಲ್ಲಿ ಬಂದ್ ಬೀಳ್ತದ. ಮೆಹಕರ ಊರಿಂದ ನಮ್ಮ ಒಬ್ಬ ವಿದ್ಯಾರ್ಥಿನಿ ಫೋನ್ ಮಾಡಿದ್ಳು. ಸಿಟ್ಟಿಗೆದ್ದಾಳ. ಸಮಾಜ ಪುಸ್ತಕದಾಗ ಮೂರನೇ ಪಾಠದ ಒಂದ್ ಪುಟ ಎರಡ್ ಸಲ ಬಂದಾದಂತ. ಬಹಮನಿ ಅನ್ನೋದಕ್ಕ ಎಲ್ಲಾ ಕಡಿ ಬಹುಮಾನಿ ಅಂತ ಓದ್ಯಾದಂತ. 'ಸರ್, ಬೀದರ ಜಿಲ್ಲಾದಾಗ ಕುಂತು ಬಹಮನಿ ತಪ್ಪ್ ಮಾಡ್ತೀರೇನ್ರಿ?' ಅಂತ ಕೇಳ್ತಾಳ."

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ, ಯಂತ್ರದಿಂದ ಏನಾದರೂ ಹೀಗಾಗಿರಬಹುದೇ, ನಾನು ಬಂದು ನೋಡಲೇ ಎಂದು ಕೇಳಿದೆ.

"ಬ್ಯಾಡ್ರಿ ತಂಗಿ, ನಾ ತಿದ್ಲಾಕತ್ತೇನಿ," ಎಂದರು. ಹಿಂದೆ ಕಂಪ್ಯೂಟರಿನ ದನಿ ಏನನ್ನೋ ಓದುತ್ತಿತ್ತು. "ಈ ತಪ್ಪ್ ನಂದ್ ಅದ. ಮಷೀನಿಂದಲ್ಲ."